ಮಳೆಗಾಲದಲ್ಲಿ ಹೋದ ಮರಳು ಎಲ್ಲಿಗೆ ಹೋಯಿತು?

ಪ್ರತಿ ಜೂನ್‌ನಲ್ಲಿ ಇದೊಂದು ವಿಡಿಯೋ ಬರುತ್ತದೆ. ದೊಡ್ಡ ತೆರೆಗಳು, ಬುಡ ಕೊರೆದ ತೆಂಗಿನ ಮರ. ಕೆಳಗೆ ಒಂದು ಸಾಲು: "ಕರಾವಳಿಯ ಬೀಚ್‌ಗಳು ಮುಳುಗುತ್ತಿವೆ, ಹೋದ ಮರಳು ವಾಪಸ್ ಬರಲ್ಲ."

ವಿಡಿಯೋ ನಿಜವೇ ಇರಬಹುದು. ಮಾತು ಮಾತ್ರ ಅರ್ಧ ಸತ್ಯ.

ಮಳೆಗಾಲದ ತೆರೆಗಳಿಗೆ ಜೋರು ಜಾಸ್ತಿ, ಒಂದರ ಬೆನ್ನಿಗೆ ಇನ್ನೊಂದು ಬಂದು ಬಡಿಯುತ್ತವೆ. ಹಿಂದೆ ಸರಿಯುವಾಗ ದಡದ ಮರಳನ್ನು ಎಳೆದುಕೊಂಡು ಹೋಗುತ್ತವೆ. ಆಗ ಬೀಚಿನಲ್ಲಿ ಚಾಕುವಿನಿಂದ ಕತ್ತರಿಸಿದಂಥ ಮರಳಿನ ಮೆಟ್ಟಿಲು ಕಾಣುತ್ತದೆ, ನೋಡಿರಬಹುದು. ಆ ಮರಳು ತುಂಬಾ ದೂರವೇನೂ ಹೋಗುವುದಿಲ್ಲ. ಹೆಚ್ಚಿನ ಪಾಲು ಸ್ವಲ್ಪ ಆಚೆ, ನೀರಿನಡಿಯಲ್ಲಿ ದಿಬ್ಬವಾಗಿ ಕೂರುತ್ತದೆ. ಮುಂದಿನ ತೆರೆ ಆ ದಿಬ್ಬದ ಮೇಲೆಯೇ ಒಡೆದು ಸುಸ್ತಾಗುತ್ತದೆ. ಅಂದರೆ ಹೋದ ಮರಳೇ ದಡವನ್ನು ಕಾಯುತ್ತದೆ! ಅಕ್ಟೋಬರ್ ಕಳೆದ ಮೇಲೆ ಸಣ್ಣ ತೆರೆಗಳು ಅದನ್ನೇ ಮೆಲ್ಲಗೆ ಮೇಲಕ್ಕೆ ತಳ್ಳುತ್ತವೆ. ಜನವರಿಗೆ ಮತ್ತೆ ಅಗಲವಾದ ಬೀಚ್.

ಸಮುದ್ರ ಮಟ್ಟ ಏರುತ್ತಿರುವುದು ನಿಜ, ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 3ರಿಂದ 4 ಮಿಲಿಮೀಟರ್. ಒಂದೇ ವಾರದಲ್ಲಿ ಬೀಚ್ ಕಿರಿದಾದರೆ ಅದಕ್ಕೆ ಮುಖ್ಯ ಕಾರಣ ತೆರೆಗಳು.

ಹಾಗಂತ ಕಡಲ್ಕೊರೆತವೇ ಸುಳ್ಳು ಅಲ್ಲ. ಮರಳು ದಡದ ಉದ್ದಕ್ಕೂ ಸಾಗುತ್ತದೆ, ನದಿಗಳೂ ತಂದು ಹಾಕುತ್ತವೆ. ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗದ ಬಳಿ ಕಲ್ಲಿನ ತಡೆಗೋಡೆ ಹಾಕಿದರೆ ಒಂದು ಕಡೆ ಮರಳು ತುಂಬಿ, ಇನ್ನೊಂದು ಕಡೆ ಬರಿದಾಗಬಹುದು. ನದಿಗೆ ಅಣೆಕಟ್ಟು ಕಟ್ಟಿದರೂ, ಅತಿಯಾಗಿ ಮರಳು ತೆಗೆದರೂ ಕಡಲಿಗೆ ಬರುವ ಪಾಲು ಕಡಿಮೆ. ಮಂಗಳೂರು ಪಕ್ಕದ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ "ಜನವರಿಗೆ ಸರಿಹೋಗುತ್ತೆ" ಅನ್ನೋಕಾಗಲ್ಲ, ಅಲ್ವಾ?

ಹಾಗಾಗಿ ಜೂನ್‌ನ ವಿಡಿಯೋ ಒಂದೇ ಸಾಲದು. ಅದೇ ಜಾಗದ ಫೆಬ್ರವರಿ ಫೋಟೋಗಳನ್ನು, ಅದೂ ನಾಲ್ಕೈದು ವರ್ಷ ಸಾಲಾಗಿ ತೆಗೆದದ್ದನ್ನು, ಪಕ್ಕದಲ್ಲಿಟ್ಟು ನೋಡಬೇಕು.