ಕಳೆ ಬೇಡ, ಕೊಲಬೇಡ

ಆ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ ಬಿಡಿ. ಸಮಾಜ, ಧರ್ಮ, ರಾಜಕೀಯ, ನೈತಿಕತೆ ನಾಲ್ಕನ್ನೂ ಒಂದೇ ರಟ್ಟಿನೊಳಗೆ ಹಾಕಿದ ವಿದ್ವತ್ ಗ್ರಂಥ ಬರುತ್ತಿದೆಯಂತೆ. ಲೇಖನಕ್ಕೆ ಭಾನುವಾರ ಕೊನೆಯ ದಿನ. ಐಎಸ್‌ಬಿಎನ್ ಗ್ಯಾರಂಟಿ. ಎರಡು ಸಾವಿರ ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸಬೇಕು. ಲೇಖನ ಆಮೇಲೆ ಕಳಿಸಿದರೂ ನಡೆಯುತ್ತದೆ.

ಐಎಸ್‌ಬಿಎನ್ ಅಂದರೆ 13 ಅಂಕಿಯ ಗುರುತಿನ ಸಂಖ್ಯೆ, ಅಷ್ಟೇ. ಅಡುಗೆ ಪುಸ್ತಕಕ್ಕೂ ಸಿಗುತ್ತದೆ. ನಮ್ಮಲ್ಲಿ ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ಏಜೆನ್ಸಿ ಒಂದು ಪೈಸೆಯನ್ನೂ ಕೇಳುವುದಿಲ್ಲ. ಪುಕ್ಕಟೆ ಸಿಗುವುದನ್ನು ಎರಡು ಸಾವಿರಕ್ಕೆ ಮಾರುವ ಈ ಜಾಣತನದ ಬಗ್ಗೆಯೇ ಒಂದು ಅಧ್ಯಾಯ ಬರೆಯಬಹುದು, ಅಲ್ವಾ?

ಕಾಲೇಜು ಮೇಷ್ಟ್ರುಗಳ ನೇಮಕ, ಬಡ್ತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ 2018ರ ನಿಯಮದಲ್ಲಿ ಎಲ್ಲಕ್ಕೂ ಅಂಕ ಇದೆ. ಅಧ್ಯಾಯ ಬರೆದವನಿಗೆ 5. ಬೇರೆಯವರು ಬರೆದದ್ದನ್ನೆಲ್ಲ ಒಟ್ಟು ಹಾಕಿ ಮುನ್ನುಡಿ ಗೀಚಿದ ಸಂಪಾದಕನಿಗೆ 8. ಕಾಯಕಕ್ಕಿಂತ ಮೇಸ್ತ್ರಿಗಿರಿ ಮೇಲು.

ಅದೇ ವರ್ಷದ ಕೃತಿಚೌರ್ಯದ ನಿಯಮ ಇನ್ನೂ ಉದಾರ. ಶೇ 10ರವರೆಗೆ ಹೋಲಿಕೆ ಕಂಡರೆ ದಂಡವಿಲ್ಲ. ಹಾಲಿಗೆ ನೀರು ಬೆರೆಸುವವನಿಗೆ ನಮ್ಮಜ್ಜಿ ಇಷ್ಟು ರಿಯಾಯಿತಿ ಕೊಟ್ಟವಳಲ್ಲ.

ಇಂಥ ಗ್ರಂಥಗಳಲ್ಲಿ ನೈತಿಕತೆಯ ಅಧ್ಯಾಯ ಶುರುವಾಗುವುದೇ ಬಸವಣ್ಣನವರ 'ಕಳಬೇಡ, ಕೊಲಬೇಡ' ವಚನದಿಂದ. ಒಂದು ಪುಸ್ತಕದಲ್ಲಿ ಅದು 'ಕಳೆ ಬೇಡ' ಅಂತ ಅಚ್ಚಾಗಿತ್ತು. ಕೃಷಿ ಇಲಾಖೆಯ ಪ್ರಕಟಣೆ ಇರಬೇಕು ಅಂದುಕೊಂಡೆ. ಮುಂದಿನ ವರ್ಷ ಇನ್ನೊಬ್ಬರ ಪುಸ್ತಕದಲ್ಲೂ 'ಕಳೆ ಬೇಡ'. ಮೂರನೆಯದರಲ್ಲೂ ಅದೇ. ಕಳಬೇಡ ಅನ್ನುವ ಮಾತನ್ನೇ ಕದ್ದಿದ್ದಾರೆ, ತಪ್ಪಿನ ಸಮೇತ. ಬಿಡುಗಡೆಯಲ್ಲಿ ಮಾತ್ರ ಶಾಲು, ಹಾರ, ಉಪ್ಪಿಟ್ಟು, ಕೇಸರಿಬಾತ್ ಯಾವುದಕ್ಕೂ ಕೊರತೆಯಿರಲಿಲ್ಲ. ಉಪ್ಪಿಟ್ಟು ನಿಜಕ್ಕೂ ಚೆನ್ನಾಗಿತ್ತು.

ನಗು ಸಾಕು. ಈ ದುಡ್ಡು ಯಾರದ್ದು ಗೊತ್ತಾ? ವರ್ಷವರ್ಷ ಹೊಸದಾಗಿ ಅರ್ಜಿ ಹಾಕುವ ಅತಿಥಿ ಉಪನ್ಯಾಸಕರದ್ದು. ಓದುವವರಿಲ್ಲ ಅಂತ ಅವರಿಗೂ ಗೊತ್ತು. ಆದರೂ ಕಟ್ಟುತ್ತಾರೆ. ಕಟ್ಟದಿದ್ದರೆ ಪಕ್ಕದವನು ಕಟ್ಟುತ್ತಾನೆ. ಇದನ್ನು ವಿದ್ವತ್ತು ಅಂತ ಕರೆಯಲು ನಾಚಿಕೆಯಾಗಬೇಕು.

ನಿನ್ನೆ ಅಂಥ ಗೆಳೆಯನೊಬ್ಬ ಫೋನ್ ಮಾಡಿದ್ದ. ಎರಡು ಸಾವಿರ ಕೈಸಾಲ ಬೇಕಂತೆ. ಯಾವುದರ ಬಗ್ಗೆ ಬರೆಯುತ್ತಿದ್ದೀಯ ಅಂತ ಕೇಳಿದೆ.

"ಗುತ್ತಿಗೆ ಕಾರ್ಮಿಕರ ಶೋಷಣೆ ಮಾರಾಯ. ಭಾನುವಾರದ ಒಳಗೆ ಹಾಕ್ತೀಯಾ?"