ಸೋಡಚೀಟಿ ಬರೆಸಿದರೆ ಡೈವೋರ್ಸ್ ಆಗಲ್ಲ

ಬಾಂಡ್ ಪೇಪರ್ ಮೇಲೆ ಬರೆಸಿ, ನೋಟರಿ ಸೀಲು ಹೊಡೆಸಿ, ನಾಲ್ಕು ಜನ ಹಿರಿಯರ ಸಹಿ ಹಾಕಿಸಿಬಿಟ್ಟರೆ ಡೈವೋರ್ಸ್ ಮುಗೀತು ಅಂತ ನಂಬಿರುವವರು ನಮ್ಮಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ. ನಮ್ಮ ಧಾರವಾಡದ ಕಡೆ ಇದಕ್ಕೆ ಸೋಡಚೀಟಿ ಅನ್ನುತ್ತಾರೆ. "ಇಬ್ರೂ ಒಪ್ಪ್ಯಾರ, ಕೋರ್ಟ್ ಯಾಕ ಬೇಕ್ರಿ?" ಅಂತ ಹಿರಿಯರು ಕೇಳುತ್ತಾರೆ. ಬೇಕು. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ, ಅಂದರೆ ಕೋರ್ಟಿನ ತೀರ್ಮಾನದ ಆದೇಶದಿಂದ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು 29ನೇ ಕಲಂ ಉಳಿಸಿದೆ, ನಿಜ. ಆದರೆ ಅಂಥ ರೂಢಿ ತಲೆತಲಾಂತರದಿಂದ ಇದೆ ಅಂತ ಸಾಕ್ಷಿ ಸಮೇತ ಸಾಬೀತು ಮಾಡುವ ಹೊಣೆ ಹಾಗೆ ಹೇಳುವವರದ್ದೇ. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡಬೇಡಿ ಅಂತ 2024ರಲ್ಲಿ ಕೇಂದ್ರದ ಕಾನೂನು ಇಲಾಖೆಯೇ ನೋಟರಿಗಳಿಗೆ ತಿಳಿಸಿದೆ.

ಆ ಚೀಟಿ ನಂಬಿ ಇನ್ನೊಂದು ಮದುವೆಯಾದರೆ ಅದು ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ, ಮೇಲಿಂದ ದ್ವಿಪತ್ನಿತ್ವದ ಕೇಸು ಬೇರೆ. ಎಷ್ಟೋ ಹೆಂಗಸರಿಗೆ ಇದು ತಿಳಿಯುವುದು ಗಂಡ ತೀರಿಕೊಂಡು, ಫ್ಯಾಮಿಲಿ ಪಿಂಚಣಿಗೆ ಅರ್ಜಿ ಹಾಕಿದಾಗ. ಅಷ್ಟೊತ್ತಿಗೆ ಸಹಿ ಹಾಕಿದ ಹಿರಿಯರಲ್ಲಿ ಅರ್ಧ ಜನ ಇರುವುದಿಲ್ಲ.

ಇಬ್ಬರೂ ಒಪ್ಪಿದ್ದರೆ ಅದಕ್ಕೇ 13ಬಿ ಕಲಂ ಇದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿ ಗಂಡ ಹೆಂಡತಿಯಾಗಿ ಬಾಳದೇ ಇದ್ದರೂ ಸಾಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಹಾಕಿ ಆರು ತಿಂಗಳು ಕಾದು ಮತ್ತೆ ಹಾಜರಾಗಬೇಕು. ರಾಜಿಗೆ ದಾರಿಯೇ ಇಲ್ಲ ಅನ್ನುವಂಥ ಸಂದರ್ಭದಲ್ಲಿ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು, ಇದು ಸುಪ್ರೀಂ ಕೋರ್ಟಿನ 2017ರ ತೀರ್ಪು. ಡಿಕ್ರಿ ಬರುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಹಾಗಾಗಿ ಮೊದಲ ಸಹಿ ಆದ ತಕ್ಷಣ ಹೊಸ ಸಂಬಂಧ ನೋಡಲು ಹೊರಡುವ ಮನೆಯವರೇ, ಸ್ವಲ್ಪ ತಡೆಯಿರಿ.

ನನಗೆ ಹೆಚ್ಚು ಸಿಟ್ಟು ಬರುವುದು 9ನೇ ಕಲಂ ನೋಟೀಸಿನ ವಿಷಯದಲ್ಲಿ. ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಅಂತ ಅದರ ಹೆಸರು. "ಕಾರಣವಿಲ್ಲದೆ ಬಿಟ್ಟು ಹೋಗಿದ್ದಾಳೆ, ಬಂದು ಬಾಳಲು ಹೇಳಿ" ಅಂತ ಗಂಡ ಹಾಕುವ ಅರ್ಜಿ, ಹೆಂಡತಿಯೂ ಹಾಕಬಹುದು. ನಮ್ಮ ಸಂಬಂಧಿಕರ ಮಗಳೊಬ್ಬಳಿಗೆ ಇದು ಬಂದಾಗ ಮನೆಯಲ್ಲಿ ಅಡುಗೆ ನಿಂತಿತ್ತು. ಪೊಲೀಸರು ಬಂದು ಎಳೆದುಕೊಂಡು ಹೋಗಿ ಗಂಡನ ಮನೆಗೆ ಬಿಡುತ್ತಾರೆ ಅಂತ ಅವಳ ಅಜ್ಜಿಯ ಭಯ. ಯಾರೂ ಎಳೆದುಕೊಂಡು ಹೋಗುವುದಿಲ್ಲ. ಡಿಕ್ರಿಯಾದರೂ ಹೆಚ್ಚೆಂದರೆ ಆಸ್ತಿ ಜಪ್ತಿ ಮಾಡಿಸಬಹುದು. ಆದರೆ ಆ ಡಿಕ್ರಿಯಾಗಿ ಒಂದು ವರ್ಷವಾದರೂ ಒಟ್ಟಿಗೆ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಆಧಾರವಾಗುತ್ತದೆ. ಅಂದರೆ "ಬಾ" ಅಂತ ಕರೆದ ಕಾಗದವೇ ನಾಳೆ "ಹೋಗು" ಅನ್ನಬಹುದು! ಇದನ್ನು ಬಿಡಿಸಿ ಹೇಳದೆ ಬರೀ ವಾಯಿದೆ ತೆಗೆದುಕೊಳ್ಳುತ್ತಾ ಹೋಗುವ ವಕೀಲರಿದ್ದಾರೆ. ಜೀವನಾಂಶ ಸಿಗಲ್ಲ ಅಂತ ಹೆದರಿಸುವುದೂ ಉಂಟು. ಡಿಕ್ರಿ ಇದ್ದರೂ, ಹೆಂಡತಿ ಹೋಗದಿರಲು ಸರಿಯಾದ ಕಾರಣವಿದ್ದರೆ ಜೀವನಾಂಶ ಕೇಳಬಹುದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ನೋಟೀಸ್ ಬಂದರೆ ವಾಪಸ್ ಕಳಿಸುವ ಜಾಣತನ ಇನ್ನೊಂದು. "ತಗೊಂಡರೆ ತಾನೆ ಕೇಸು?" ತೆಗೆದುಕೊಳ್ಳಲಿಲ್ಲ ಅಂತ ಅಂಚೆಯವನು ಷರಾ ಬರೆದರೆ ತಲುಪಿದ ಹಾಗೇ ಲೆಕ್ಕ. ಆಮೇಲೆ ಎಕ್ಸ್‌ಪಾರ್ಟಿ, ಅಂದರೆ ನೀವಿಲ್ಲದೆಯೇ ತೀರ್ಮಾನ. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು, ಸಾಮಾನ್ಯವಾಗಿ 30 ದಿನದೊಳಗೆ, ಬರದೇ ಇದ್ದುದಕ್ಕೆ ಸರಿಯಾದ ಕಾರಣ ತೋರಿಸಿ. ಬೇಕಂತಲೇ ವಾಪಸ್ ಕಳಿಸಿದವರು ಏನು ಕಾರಣ ತೋರಿಸುತ್ತಾರೆ?

ಇನ್ನು ದುಡ್ಡು. ಕೇಸು ನಡೆಯುವಾಗ ಸಿಗುವುದು ಮಧ್ಯಂತರ ಜೀವನಾಂಶ, 24ನೇ ಕಲಂ. ಆದಾಯವಿಲ್ಲದ ಗಂಡನೂ ಕೇಳಬಹುದು, ಈ ಮಾತು ಹೇಳಿದರೆ ಕಟ್ಟೆ ಮೇಲೆ ಕೂತವರು ನಗುತ್ತಾರೆ. ಕೇಸು ಮುಗಿದ ಮೇಲಿನದು 25ನೇ ಕಲಮಿನ ಶಾಶ್ವತ ಜೀವನಾಂಶ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, ಹೆಂಡತಿ, ಮಕ್ಕಳು, ತಂದೆ ತಾಯಿ ಅಲ್ಲಿ ಕೇಳಬಹುದು. ಸುಪ್ರೀಂ ಕೋರ್ಟಿನ 2020ರ ನವೆಂಬರ್‌ನ ತೀರ್ಪಿನ ಮೇಲೆ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಮೋಸ ಹೋಗುವುದು ರಾಜಿ ಪತ್ರದಲ್ಲಿ. "ಪೂರ್ಣ ಮತ್ತು ಅಂತಿಮ ಇತ್ಯರ್ಥ, ಮುಂದೆ ಯಾವ ಹಕ್ಕೂ ಇರುವುದಿಲ್ಲ" ಅಂತ ಒಂದು ಸಾಲು ಇರುತ್ತದೆ. ತವರಿನವರು ಹಾಕಿದ ಬಂಗಾರವನ್ನೂ ಆ ಮೊತ್ತದೊಳಗೇ ಸೇರಿಸಿ "ಇಪ್ಪತ್ತು ಲಕ್ಷ ಕೊಟ್ಟಿದ್ದೇವೆ" ಅಂತ ತೋರಿಸುತ್ತಾರೆ. ಅದು ಸ್ತ್ರೀಧನ, ಮೊದಲಿಂದಲೂ ಅವಳದ್ದೇ. ಅವಳದ್ದನ್ನು ಅವಳಿಗೆ ವಾಪಸ್ ಕೊಡುವುದು ಜೀವನಾಂಶ ಹೇಗಾಗುತ್ತದೆ? ಒಡವೆಗೆ ಬೇರೆ ಪಟ್ಟಿ ಬರೆಸಿ, ದುಡ್ಡಿಗೆ ಬೇರೆ. ಮಗುವಿನ ಪಾಲಿನ ಖರ್ಚು ಬಿಟ್ಟಿದ್ದೇನೆ ಅಂತ ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಮಗು ಯಾರ ಬಳಿ ಇರಬೇಕು ಅನ್ನುವ ಆದೇಶವನ್ನೂ ಪರಿಸ್ಥಿತಿ ಬದಲಾದರೆ ಬದಲಿಸಿ ಅಂತ ಕೇಳಬಹುದು.

ಇಷ್ಟೆಲ್ಲ ಕೇಳಿ ತಿಳಿದುಕೊಳ್ಳಲು ವಕೀಲರಿಗೆ ಫೀಸು ಕೊಡುವ ಶಕ್ತಿ ಇಲ್ಲ ಅನ್ನುವವರಿಗೆ: ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಕೊಟ್ಟ ಹಕ್ಕು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರ್ಟಿನಲ್ಲೇ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಲಗ್ನಪತ್ರಿಕೆ, ಮದುವೆ ಫೋಟೋ, ಆಧಾರ್, ಬಂದ ನೋಟೀಸು ಇಟ್ಟುಕೊಳ್ಳಿ. ನೋಟೀಸು ಬಂದ ಲಕೋಟೆಯನ್ನೂ ಬಿಸಾಡಬೇಡಿ, ತಾರೀಖು ಅದರ ಮೇಲಿರುತ್ತದೆ.