ಆ ಒಂದು ನಿಮಿಷ ನಾವು ಸುಮ್ನೆ ನಿಂತಿರಲ್ಲ

"ಮಗು ಹೊರಗೆ ಬಂದ ಮೇಲೂ ಒಂದು ನಿಮಿಷ ಎಲ್ಲರೂ ನೋಡ್ತಾ ನಿಂತಿದ್ರಂತಲ್ಲ, ಯಾಕೆ?" ಒಬ್ಬ ತಂದೆ ಸಿಟ್ಟಿನಿಂದಲೇ ಕೇಳಿದರು. ಮಗು 28 ವಾರಕ್ಕೇ ಹುಟ್ಟಿತ್ತು. ತೂಕ ಒಂದು ಕೆಜಿಗೂ ಕಡಿಮೆ. ಅವರ ಸಿಟ್ಟು ನನಗೆ ಹೊಸದಲ್ಲ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನರ್ಸ್ ಆಗಿ ಸೇರಿದ ಹೊಸದರಲ್ಲಿ ನಾನೂ ಹಾಗೇ ಯೋಚಿಸುತ್ತಿದ್ದೆ. ಆಗ ಮಗು ಬಂದ ಹತ್ತು ಸೆಕೆಂಡಿನೊಳಗೆ ಹೊಕ್ಕುಳಬಳ್ಳಿಗೆ ಎರಡು ಕ್ಲ್ಯಾಂಪ್, ನಡುವೆ ಕತ್ತರಿ, ಮಗುವನ್ನು ಎತ್ತಿಕೊಂಡು ವಾರ್ಮರ್ (ಮಗುವನ್ನು ಬೆಚ್ಚಗಿಟ್ಟು ಉಸಿರು ಕೊಡುವ ಟೇಬಲ್) ಕಡೆಗೆ ಓಟ. ಎಷ್ಟು ಬೇಗ ಓಡಿದರೆ ಅಷ್ಟು ಒಳ್ಳೆಯ ನರ್ಸ್!

ಈಗ ಬಳ್ಳಿ ಕತ್ತರಿಸುವ ಮೊದಲು ಒಂದು ನಿಮಿಷ ಕಾಯುತ್ತೇವೆ. ನನ್ನ ಕೆಲಸ ಗಡಿಯಾರ ನೋಡಿ ಜೋರಾಗಿ ಸೆಕೆಂಡ್ ಹೇಳುವುದು. ಹದಿನೈದು... ಮೂವತ್ತು... ಅಷ್ಟರಲ್ಲಿ ಮಗು ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗೆ ಸೇರಿರುತ್ತದೆ. ಒಬ್ಬರು ಬೆನ್ನು ಸವರುತ್ತಿರುತ್ತಾರೆ. ಇನ್ನೊಬ್ಬರು ಬಳ್ಳಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಮಿಡಿತ ನೋಡುತ್ತಿರುತ್ತಾರೆ. ನೀಲಿ ಬಿಳುಪಿನ, ಹಗ್ಗದ ಹಾಗೆ ಹೊಸೆದುಕೊಂಡ ಬಳ್ಳಿ. ಒಮ್ಮೆ ನಾನೂ ಹಿಡಿದಿದ್ದೆ. ಬೆರಳ ತುದಿಯಲ್ಲಿ ಮಗುವಿನ ಎದೆಬಡಿತವೇ ಸಿಗುತ್ತದೆ.

ಇಷ್ಟು ಮುಂಚೆ ಹುಟ್ಟುವ ಮಗುವಿನ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಮಾಸು (ಪ್ಲಾಸೆಂಟಾ) ಮತ್ತು ಬಳ್ಳಿಯಲ್ಲೇ ಇರುತ್ತದೆ. ತಕ್ಷಣ ಕತ್ತರಿಸಿದರೆ ಅದು ಅಲ್ಲೇ ಉಳಿಯಿತು ಅಂತ ಲೆಕ್ಕ. ಆ ರಕ್ತವನ್ನು ಮಾಸಿನ ಜೊತೆ ಬಕೆಟ್ಟಿಗೆ ಹಾಕುತ್ತೇವೆ. ಆಮೇಲೆ ದಿನಾ ಪರೀಕ್ಷೆಗೆ ಅಂತ ಮಗುವಿನಿಂದ ಸ್ವಲ್ಪ ಸ್ವಲ್ಪ ರಕ್ತ ತೆಗೆಯುತ್ತೇವೆ. ಕೊನೆಗೆ ರಕ್ತ ಕಮ್ಮಿಯಾಯಿತು ಅಂತ ಯಾರದೋ ರಕ್ತ ತಂದು ಏರಿಸುತ್ತೇವೆ. ವರ್ಷಗಟ್ಟಲೆ ಇದನ್ನೇ ಮಾಡಿದೆವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ವಿಷಯ ರಕ್ತದ್ದಷ್ಟೇ ಅಲ್ಲ. ಹೊಟ್ಟೆಯೊಳಗಿದ್ದಾಗ ಮಗುವಿನ ಶ್ವಾಸಕೋಶಕ್ಕೆ ಹೋಗುವ ರಕ್ತ ತೀರಾ ಕಮ್ಮಿ. ಹೃದಯದ ಎಡಭಾಗ ತುಂಬುವುದೇ ಬಹುಪಾಲು ಬಳ್ಳಿಯಿಂದ ಬರುವ ರಕ್ತದಿಂದ. ಉಸಿರು ಶುರುವಾದ ಮೇಲೆ ಆ ಕೆಲಸ ಶ್ವಾಸಕೋಶದ್ದು. ಒಂದು ಕಾಲುವೆಗೆ ನೀರು ಬರುವ ಮೊದಲೇ ಇನ್ನೊಂದನ್ನು ಕಟ್ಟಿಬಿಟ್ಟರೆ ಹೃದಯಕ್ಕೆ ಏನು ಸಿಗಬೇಕು? ಆಸ್ಟ್ರೇಲಿಯಾದ ವಿಜ್ಞಾನಿಗಳು ಕುರಿಮರಿಗಳಲ್ಲಿ ಇದನ್ನು ನೋಡಿ 2013ರಲ್ಲಿ ಪ್ರಕಟಿಸಿದರು. ಉಸಿರಿಗೂ ಮೊದಲು ಬಳ್ಳಿ ಕಟ್ಟಿದರೆ ಎದೆಬಡಿತ ಧಡಕ್ಕನೆ ಇಳಿಯುತ್ತಿತ್ತು. ಉಸಿರು ಕೊಟ್ಟು ಆಮೇಲೆ ಕಟ್ಟಿದರೆ ಹಾಗಾಗುತ್ತಿರಲಿಲ್ಲ. ಚಾರ್ಲ್ಸ್ ಡಾರ್ವಿನ್ ಅವರ ತಾತ ಎರಾಸ್ಮಸ್ ಡಾರ್ವಿನ್ 1801ರಲ್ಲೇ ಹೇಳಿದ್ದರು, ಮಗು ಮತ್ತೆ ಮತ್ತೆ ಉಸಿರಾಡಿ, ಬಳ್ಳಿಯ ಮಿಡಿತ ನಿಲ್ಲುವವರೆಗೂ ಕಾಯಿರಿ ಅಂತ. ನಮಗೆ ಇನ್ನೂರು ವರ್ಷ ಬೇಕಾಯಿತು.

ಈಗ ಲೆಕ್ಕವೂ ಸಿಕ್ಕಿದೆ. 2023ರಲ್ಲಿ 20 ಪ್ರಯೋಗಗಳ 3000ಕ್ಕೂ ಹೆಚ್ಚು ದಿನ ತುಂಬದ ಮಕ್ಕಳ ವಿವರ ಒಟ್ಟುಗೂಡಿಸಿ ನೋಡಿದರು. ತಡವಾಗಿ ಕತ್ತರಿಸಿದಾಗ ಆಸ್ಪತ್ರೆಯಲ್ಲೇ ಸಾಯುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು. ಎರಡು ನಿಮಿಷ ಅಥವಾ ಜಾಸ್ತಿ ಕಾದರೆ ಇನ್ನೂ ಒಳ್ಳೆಯದಿರಬಹುದು ಅಂತ ಕಂಡಿತು. ಔಷಧಿಯಿಲ್ಲ, ಸೂಜಿಯಿಲ್ಲ, ಖರ್ಚಿಲ್ಲ. ಕಾಯುವುದು, ಅಷ್ಟೇ. ಅದಕ್ಕೇ ಇರಬೇಕು, ಇದು ಚಿಕಿತ್ಸೆ ಅಂತ ಯಾರಿಗೂ ಅನಿಸುವುದೇ ಇಲ್ಲ.

"ಕಾಯೋದ್ಯಾಕೆ, ಬಳ್ಳಿ ಹಿಂಡಿ ರಕ್ತ ಒಳಗೆ ತಳ್ಳಿದರಾಯ್ತು" ಅನ್ನುವವರೂ ಇದ್ದಾರೆ. ಹಾಲು ಕರೆದ ಹಾಗೆ. ಅದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. 2019ರ ವರದಿ ಪ್ರಕಾರ, 23ರಿಂದ 27 ವಾರದ ಮಕ್ಕಳಲ್ಲಿ ಹಿಂಡಿದವರ ಪೈಕಿ 22%ಗೆ ಮಿದುಳಿನಲ್ಲಿ ತೀವ್ರ ರಕ್ತಸ್ರಾವ, ಕಾದವರಲ್ಲಿ 6%ಗೆ. ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಅಷ್ಟು ಎಳೆಯ ಮಿದುಳಿಗೆ ಆ ರಭಸ ತಡೆಯಲ್ಲ.

ತಾಯಿಗೆ ವಿಪರೀತ ರಕ್ತ ಹೋಗುತ್ತಿದ್ದರೆ, ಬಳ್ಳಿಯೇ ಹರಿದಿದ್ದರೆ ಕಾಯುವ ಮಾತಿಲ್ಲ. ಅದರಲ್ಲಿ ಜಗಳವಿಲ್ಲ. ನನ್ನ ತಕರಾರು ಬೇರೆ. ಚೆನ್ನಾಗಿ ಅಳುವ ಮಗುವಿಗೆ ಪೂರ್ತಿ ಒಂದು ನಿಮಿಷ ಸಿಗುತ್ತದೆ. ಮೆತ್ತಗೆ ಬಿದ್ದಿರುವ ಮಗುವನ್ನು ಕಂಡರೆ ನಮ್ಮ ಕೈ ಕತ್ತರಿಗೆ ಹೋಗುತ್ತದೆ. ಆದರೆ ಉಸಿರು ಇನ್ನೂ ಬರದ ಮಗುವಿಗೆ ಆ ಹೊತ್ತಿನಲ್ಲಿರುವ ಒಂದೇ ಆಸರೆ ಆ ಬಳ್ಳಿ, ಅಲ್ವಾ? ನಾವು ಕತ್ತರಿಸುವುದು ಯಾಕೆಂದರೆ ಉಸಿರು ಕೊಡುವ ಯಂತ್ರ ಇರುವುದು ಕೋಣೆಯ ಆ ಮೂಲೆಯಲ್ಲಿ. ತಾಯಿಯ ಪಕ್ಕಕ್ಕೇ ತಂದು ನಿಲ್ಲಿಸುವ ಚಿಕ್ಕ ಟೇಬಲ್‌ಗಳನ್ನು ಬ್ರಿಟನ್, ನೆದರ್ಲೆಂಡ್ಸ್‌ನಲ್ಲಿ ಮಾಡಿದ್ದಾರೆ. ಬಳ್ಳಿ ಇದ್ದಂತೆಯೇ ಮಾಸ್ಕ್ ಇಟ್ಟು ಉಸಿರು ಕೊಡಬಹುದು. ಇದರಿಂದ ಪವಾಡವೇನೂ ಆಗಿಲ್ಲ, ಅದನ್ನೂ ಹೇಳಬೇಕು. ವೆಂಟ್‌ಫಸ್ಟ್ ಎಂಬ ಪ್ರಯೋಗದಲ್ಲಿ 29 ವಾರಕ್ಕೂ ಮುಂಚೆ ಹುಟ್ಟಿದ ಮಕ್ಕಳ ಮಿದುಳಿನ ರಕ್ತಸ್ರಾವ ಇದರಿಂದ ಕಡಿಮೆಯಾಗಲಿಲ್ಲ. ಆದರೂ ಟೇಬಲ್ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಬಳ್ಳಿ ಕತ್ತರಿಸುವ ಹೊತ್ತು ನಿರ್ಧಾರವಾಗುವುದು ನನಗೆ ಒಪ್ಪಿಗೆಯಿಲ್ಲ.

ಆ ತಂದೆಗೆ ಇಷ್ಟೆಲ್ಲ ಹೇಳಲಿಲ್ಲ. 10 ಎಂಎಲ್‌ನ ಖಾಲಿ ಸಿರಿಂಜ್ ಕೈಗೆ ಕೊಟ್ಟೆ. "ಆ ನಿಮಿಷದಲ್ಲಿ ಹೆಚ್ಚುಕಡಿಮೆ ಇಷ್ಟು ರಕ್ತ ನಿಮ್ಮ ಮಗುವಿನೊಳಗೆ ಹೋಗಿರುತ್ತೆ. ಮೈಯಲ್ಲಿರೋ ಒಟ್ಟು ರಕ್ತವೇ ಒಂದು ಸಣ್ಣ ಲೋಟದಷ್ಟು" ಅಂದೆ. ಅವರು ಸಿರಿಂಜನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಾಗಾದ್ರೆ ಇನ್ನೊಂದು ನಿಮಿಷ ಬಿಡಬಹುದಿತ್ತಲ್ಲ?" ಅಂದರು.

ಬಿಡಬಹುದಿತ್ತು. ಆದರೆ ಅರವತ್ತು ಸೆಕೆಂಡ್ ದಾಟಿದರೂ ಉಸಿರು ಸರಿಹೋಗಿರಲಿಲ್ಲ, ವಾರ್ಮರ್ ಆ ಮೂಲೆಯಲ್ಲಿತ್ತು.